ಗಬ್ಬದ ದನಕ್ಕೆ ಬರೆದ ಚೀಟಿ

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಕಳೆದ ತಿಂಗಳು ಹುಲೇಕಲ್ಲಿನ ನಮ್ಮ ಮನೆಗೆ ಬಂದಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಫೋನು, ಕೊರಳಲ್ಲಿ ಗುರುತಿನ ಚೀಟಿ. "ಆಂಟಿ, ನೀವು ಹದಿನೆಂಟು ವರ್ಷ ಇದೇ ಕೆಲಸ ಮಾಡಿದ್ರಂತೆ. ನಮಗೂ ಏನಾದ್ರೂ ಹೇಳಿಕೊಡಿ" ಎಂದರು. ಚಹಾ ಕೊಟ್ಟೆ. ಟೇಪನ್ನು ದನದ ಮುಂಗಾಲಿನ ಹಿಂದೆ ಹೇಗೆ ಸುತ್ತಬೇಕು, ಒದೆಯುವ ದನದ ಹತ್ತಿರ ಎಲ್ಲಿ ನಿಲ್ಲಬೇಕು ಎಂದು ಹೇಳಿದೆ. ಖುಷಿಯಿಂದ ಹೋದರು. ಲೋಟಗಳನ್ನು ತೊಳೆಯುವಾಗ, ಹೇಳಬೇಕಾದದ್ದನ್ನು ಈ ಸಲವೂ ಹೇಳಲಿಲ್ಲವಲ್ಲ ಅನ್ನಿಸಿತು. ಬಾಯಲ್ಲಿ ಹೇಳಲು ಆಗದ್ದನ್ನು, ಈ ಕೆಲಸಕ್ಕೆ ಹೊಸದಾಗಿ ಬರುವ ನಿಮಗೆಲ್ಲ ಬರೆಯಬಹುದೇನೋ ಎಂದು ಕುಳಿತಿದ್ದೇನೆ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಇಪ್ಪತ್ತು ವರ್ಷ ಅಡುಗೆಮನೆ, ಕೊಟ್ಟಿಗೆ, ಮಕ್ಕಳ ಊಟದ ಡಬ್ಬಿ ಎಂದು ಕಳೆದೆ. ಕೆಲಸ ಸಿಕ್ಕಿದ್ದು ಹಿಂಡಿ ಚೀಲದ ದೆಸೆಯಿಂದ. ಒಂದು ಬೆಳಿಗ್ಗೆ ಹಾಲು ಹಾಕಲು ಹೋದವಳು, ಸಂಘದ ಕಟ್ಟೆಯ ಮೇಲಿದ್ದ ಚೀಲದ ಹಿಂಬದಿಯ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಓದಿ, "ಇದರಲ್ಲಿ ನಾರೇ ಜಾಸ್ತಿ ಇದೆಯಲ್ಲ, ಪ್ರೋಟೀನು ಇಷ್ಟೇನಾ?" ಎಂದುಬಿಟ್ಟೆ. ಅಲ್ಲೇ ನಿಂತಿದ್ದ ಒಬ್ಬ ಅಧಿಕಾರಿ ತಿರುಗಿ ನೋಡಿದರು. ಹಾಲಿನ ದನಗಳಿಗೆ ಲೆಕ್ಕ ಹಾಕಿ ಆಹಾರ ಕೊಡಿಸುವ ಯೋಜನೆಯೊಂದು ಆಗಷ್ಟೇ ಶುರುವಾಗುವುದಿತ್ತು. ಊರೂರು ತಿರುಗಿ ಕೊಟ್ಟಿಗೆಯಲ್ಲಿ ಅಳತೆ ತೆಗೆದು ಚೀಟಿ ಬರೆದುಕೊಡಲು, ಇಂಗ್ಲಿಷ್ ಬಲ್ಲ ಹೆಂಗಸೊಬ್ಬಳು ಅವರಿಗೆ ಬೇಕಿತ್ತು. ಅವರೇ ಮುಂದೆ ನನ್ನ ಮೇಲಧಿಕಾರಿಯಾದರು. ಅವರನ್ನು ಸಾಹೇಬರು ಎಂದೇ ಕರೆಯುತ್ತೇನೆ, ಹೆಸರು ಬೇಡ.

ನಮ್ಮ ಅತ್ತೆಯವರು ಸುದ್ದಿ ಕೇಳಿ, "ಎಂತದೇ ಕೂಸೆ, ನಮ್ಮನೆ ದನಕ್ಕೆ ಅಕ್ಕಚ್ಚು ಕೊಡಲೇ ಪುರಸೊತ್ತಿಲ್ಲೆ, ಊರವರ ದನದ ಸೊಂಟ ಅಳೆಯಲೆ ಹೊಂಟ್ಯ?" ಎಂದರು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಉಳಿದ ಅನ್ನ ಎಲ್ಲ ಸೇರಿಸಿ ಕಾಯಿಸಿದ ಅಕ್ಕಚ್ಚು ಅವರ ಪಾಲಿಗೆ ದನದ ಅಮೃತ. ನಾನು ಮೊದಲ ಪ್ರಯೋಗ ಮಾಡಿದ್ದೇ ಅವರ ದನದ ಮೇಲೆ. ಅಕ್ಕಚ್ಚು ಒಮ್ಮೆಲೇ ನಿಲ್ಲಿಸಿ, ಕಂಪ್ಯೂಟರಿನ ಲೆಕ್ಕದಲ್ಲಿ ಬಂದಷ್ಟು ಹಿಂಡಿಯನ್ನು ಒಂದೇ ದಿನಕ್ಕೆ ಸುರಿದೆ. ಮರುದಿನ ದನ ಕೊಟ್ಟಿಗೆಯ ಗೋಡೆಗೆಲ್ಲ ಸಾರಿಸಿಟ್ಟಿತ್ತು. ಅತ್ತೆಯವರು ಬಾಗಿಲಲ್ಲಿ ನಿಂತು, "ನಿನ್ನ ಮಿಷನ್ನು ದನಕ್ಕೆ ಭೇದಿಗೆ ಔಷಧ ಕೊಡ್ತು, ಸಾಕಾತಾ?" ಎಂದು ಕೇಳಿ, ಪೊರಕೆ ತಂದು ನನ್ನ ಕೈಗೇ ಕೊಟ್ಟರು.

ಆ ಪೊರಕೆ ಹಿಡಿದು ಕಲಿತದ್ದು ಇಷ್ಟು. ದನದ ಹೊಟ್ಟೆಯಲ್ಲೊಂದು ದೊಡ್ಡ ಹಂಡೆ ಇದೆ. ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳ ಒಂದು ಸಂಸಾರವೇ ಇದೆ. ನಾವು ಹಾಕುವ ಹುಲ್ಲನ್ನು ಮೊದಲು ತಿನ್ನುವುದು ಅವು, ಅವು ಮಾಡಿಟ್ಟದ್ದನ್ನು ಉಣ್ಣುವುದು ದನ. ಆ ಸಂಸಾರಕ್ಕೆ ಹೊಸ ಊಟ ಒಗ್ಗಲು ವಾರ, ಹತ್ತು ದಿನ ಬೇಕು. ಯಾವುದನ್ನೂ ಒಮ್ಮೆಲೇ ಬದಲಿಸಬಾರದು. ಬರೀ ಒಣಹುಲ್ಲು ಹಾಕಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಬರೀ ಹಿಂಡಿ ಹಾಕಿದರೆ ಹಂಡೆ ಹುಳಿಯಾಗುತ್ತದೆ. ನೀರನ್ನು ಎರಡೇ ಹೊತ್ತು ತೋರಿಸುವ ಮನೆಯಲ್ಲಿ ಎಷ್ಟು ಹಿಂಡಿ ಹಾಕಿದರೂ ಹಾಲು ಏರುವುದಿಲ್ಲ. ಇವು ನಿಮ್ಮ ತರಬೇತಿಯ ಪುಸ್ತಕದಲ್ಲೂ ಇವೆ. ನಾನು ಗೋಡೆ ತೊಳೆದು ಕಲಿತೆ, ವ್ಯತ್ಯಾಸ ಅಷ್ಟೇ.

ಆಗ ಫೋನಿನಲ್ಲಿ ಲೆಕ್ಕ ಬರುತ್ತಿರಲಿಲ್ಲ. ಒಂದು ಪುಟ್ಟ ಕಂಪ್ಯೂಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಬೇಕಿತ್ತು. ದನದ ಎದೆಯ ಸುತ್ತಳತೆ, ಉದ್ದ, ದಿನದ ಹಾಲು, ಗಬ್ಬದ ತಿಂಗಳು, ಮನೆಯಲ್ಲಿರುವ ಮೇವು, ಎಲ್ಲ ಒತ್ತಿದರೆ ಹುಲ್ಲು ಇಷ್ಟು, ಹಿಂಡಿ ಇಷ್ಟು, ಖನಿಜದ ಪುಡಿ ಇಷ್ಟು ಎಂದು ಬರುತ್ತಿತ್ತು. ಅದನ್ನು ಕನ್ನಡದಲ್ಲಿ ಚೀಟಿ ಮಾಡಿ ಕೊಡುವುದು ನನ್ನ ಕೆಲಸ. ನನ್ನ ಅಕ್ಷರ ದುಂಡಗಿತ್ತು. ಆ ಚೀಟಿಗಳನ್ನು ಕೆಲವರು ದೇವರ ಫೋಟೊದ ಹಿಂದೆ ಸಿಕ್ಕಿಸಿಡುತ್ತಿದ್ದರು. ಮೊದಮೊದಲು ಅದನ್ನು ನೋಡಿ ಸಂತೋಷವಾಗುತ್ತಿತ್ತು.

ನನಗೆ ಧೈರ್ಯ ಬಂದದ್ದು ಯಲ್ಲಾಪುರದ ಆಚೆ ಕಿರವತ್ತಿಯಲ್ಲಿ. ಅಲ್ಲೊಬ್ಬಳು ಎಮ್ಮೆ ಸಾಕಿದ್ದಳು, ಫಕೀರವ್ವ ಎಂದು. ನಾನು ಟೇಪು ಬಿಚ್ಚಿದ್ದೇ ತಡ, "ಬರ್ರಿ ಅಕ್ಕಾರ, ಎಮ್ಮಿಗೆ ಜಂಪರ್ ಹೊಲಸ್ತೀರೇನ್ರಿ? ತೋಳು ಉದ್ದ ಇಡ್ರಿ ಮತ್ತ, ನಮ್ಮ ಎಮ್ಮಿಗೆ ನಾಚಿಕಿ ಭಾಳ" ಎಂದು ಅಕ್ಕಪಕ್ಕದವರನ್ನೆಲ್ಲ ನಗಿಸಿದಳು. ಎಮ್ಮೆ ಮಾತ್ರ ನಗುವ ಸ್ಥಿತಿಯಲ್ಲಿರಲಿಲ್ಲ. ಗೋಡೆ ನೆಕ್ಕುತ್ತಿತ್ತು, ಮಣ್ಣು ತಿನ್ನುತ್ತಿತ್ತು, ಹಗ್ಗದ ಮೇಲೆ ಒಣಗಲು ಹಾಕಿದ ಲುಂಗಿಯ ಅರ್ಧ ಭಾಗ ಅದರ ಹೊಟ್ಟೆಯಲ್ಲಿತ್ತು. "ದೆವ್ವ ಬಡದೈತ್ರೀ" ಎಂದು ಅದರ ಕೊರಳಿಗೆ ತಾಯಿತ ಕಟ್ಟಿದ್ದರು.

ಮೇವಿನಲ್ಲಿ ಖನಿಜ ಸಾಲದಿದ್ದರೆ ದನ ಎಮ್ಮೆಗಳು ಹೀಗೆ ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತವೆ. ಜಂತುಹುಳುವಿಗೆ ಔಷಧ ಹಾಕಿಸಿ, ದಿನಾ ಒಂದು ಹಿಡಿ ಖನಿಜದ ಪುಡಿಯನ್ನು ಹಿಂಡಿಯಲ್ಲಿ ಕಲಸಿಕೊಡು ಎಂದೆ. ಮುಂದಿನ ತಿಂಗಳು ಹೋದಾಗ ಹಗ್ಗದ ತುಂಬ ಬಟ್ಟೆ, ಅದರ ಕೆಳಗೇ ಎಮ್ಮೆ, ಬಟ್ಟೆಯ ಕಡೆ ನೋಡುತ್ತಲೂ ಇರಲಿಲ್ಲ. ಫಕೀರವ್ವ ನನ್ನ ಎರಡೂ ಕೈ ಹಿಡಿದು, "ತಾಯಿತ ಬಿಚ್ಚಿ ಒಗದೇನ್ರೀ ಅಕ್ಕಾರ, ನಿಮ್ಮ ಪುಡಿನೇ ತಾಯಿತ" ಎಂದಳು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ನಾನು ಒಬ್ಬಳೇ ನಗುತ್ತಿದ್ದೆ. ಕೆಲಸದಲ್ಲಿ ಇಂಥ ದಿನ ನಿಮಗೂ ಬರುತ್ತದೆ. ಅದರ ಮರುದಿನವೇ ಹೆಚ್ಚು ಹುಷಾರಾಗಿರಿ. ಖನಿಜ ಎಂದರೆ ಒಳ್ಳೆಯದು, ಕ್ಯಾಲ್ಸಿಯಂ ಎಂದರೆ ಇನ್ನೂ ಒಳ್ಳೆಯದು, ಹೆಚ್ಚಾದರೂ ಕೆಡುಕೇನಿಲ್ಲ ಎಂಬ ನಂಬಿಕೆ ನನ್ನೊಳಗೆ ಕುಳಿತದ್ದು ಆ ಬಸ್ಸಿನಲ್ಲೇ.

ಅದೇ ಹೊತ್ತಿಗೆ ಸಾಹೇಬರು ಕ್ಯಾಲ್ಸಿಯಂ ಟಾನಿಕ್ಕಿನ ಬಾಟಲಿಗಳನ್ನು ತರಿಸಿದರು. ಬಾಟಲಿಯ ಮೇಲೆ ಹಸಿರು ಗುಡ್ಡ, ಅದರ ಮೇಲೊಂದು ಕೊಬ್ಬಿದ ಹಸು, ಹಿಂದೆ ಹಿಮದ ಬೆಟ್ಟ. ಪ್ರತಿಯೊಂದು ಊರಿನಲ್ಲೂ ಇಂತಿಷ್ಟು ಬಾಟಲಿ ಹೋಗಬೇಕು ಎಂದರು. "ಮೇಡಂ, ಹೆಂಗಸರಿಗೆ ಹೆಂಗಸರೇ ಹೇಳಬೇಕು. ಬಸುರಿಯಲ್ಲಿ ನೀವು ಕ್ಯಾಲ್ಸಿಯಂ ಮಾತ್ರೆ ತಗೊಂಡಿರಲಿಲ್ವಾ? ಹಾಗೇ ಹೇಳಿ" ಎಂದರು.

ತೆಗೆದುಕೊಂಡಿದ್ದೆ. ಎರಡು ಬಸುರಿಯಲ್ಲೂ, ರಾತ್ರಿ ಊಟವಾದ ಮೇಲೆ ತಪ್ಪದೆ. ಆ ಹೋಲಿಕೆ ನನಗೆ ಎಷ್ಟು ಸರಿಯಾಗಿ ಕಂಡಿತೆಂದರೆ, ಬಾಟಲಿಯ ಹಿಂದಿನ ಸಣ್ಣ ಇಂಗ್ಲಿಷನ್ನು ನಾನು ಓದಲೇ ಇಲ್ಲ. ಆ ಸಣ್ಣ ಅಕ್ಷರ ಓದಿದ್ದಕ್ಕೇ ನನಗೆ ಈ ಕೆಲಸ ಸಿಕ್ಕಿತ್ತು.

ಸಿದ್ದಾಪುರದ ಹತ್ತಿರ ಕೋಲಸಿರ್ಸಿಯಲ್ಲಿ ನಾಗವೇಣಿ ಇದ್ದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಗದ್ದೆಯ ಅಂಚಿನಲ್ಲಿ ಮನೆ, ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸು. ಊರಿನಲ್ಲಿ ಯಾರ ಮನೆಯ ದನ ಕರು ಹಾಕುವುದಿದ್ದರೂ ಅವಳನ್ನು ಕರೆಯುತ್ತಿದ್ದರು. ಅವಳ ಕೈಗುಣ ಒಳ್ಳೆಯದು, ಅವಳು ಬೆನ್ನು ನೀವಿದರೆ ದನ ಸುಲಭದಲ್ಲಿ ಕರು ಹಾಕುತ್ತದೆ ಎಂಬ ನಂಬಿಕೆ. ಎಳೆಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದಕ್ಕೂ ಅವಳೇ ಆಗಬೇಕು. ಕಾಲು ನೀಡಿ ಕುಳಿತು, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿ ಅವಳು ನೀರು ಹಾಕಿದರೆ ಮಗು ಅಳದೆ ಅಲ್ಲೇ ನಿದ್ದೆ ಹೋಗುತ್ತದೆ ಎನ್ನುತ್ತಿದ್ದರು. ಅವಳ ಅಂಗೈ ಅಗಲ, ಬೆರಳು ಗಿಡ್ಡ, ಉಗುರು ಯಾವಾಗಲೂ ಕತ್ತರಿಸಿರುತ್ತಿತ್ತು.

ಅವಳ ಕಾವೇರಿ ಎಂಬ ಹಸು ಮೂರನೆಯ ಗಬ್ಬದಲ್ಲಿತ್ತು. ಹಿಂದಿನ ಸಲ ಒಂದು ಹೊತ್ತಿಗೆ ಕೊಡಪಾನ ತುಂಬ ಹಾಲು ಕೊಟ್ಟ ದನ. ಎಂಟು ತಿಂಗಳು ತುಂಬಿತ್ತು, ಹಾಲು ಬತ್ತಿಸಿದ್ದಳು. ನಾನು ಚೀಟಿಯಲ್ಲಿ ಬರೆದೆ: ಕರು ಹಾಕುವವರೆಗೆ ದಿನಕ್ಕೆರಡು ಸಲ ಟಾನಿಕ್, ತಪ್ಪಿಸಬಾರದು.

"ಇಷ್ಟೊಂದನ ವಸುಧಕ್ಕ?" ಎಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಒಳಗೆ ಕರು ಇದೆಯಲ್ಲ, ಅದರ ಎಲುಬು ಬೆಳೀಬೇಡ್ವಾ? ನಾವೆಲ್ಲ ಬಸುರಿಯಲ್ಲಿ ತಗೊಂಡಿಲ್ವಾ?"

"ನಮಗೆಲ್ಲ ಯಾರು ಕೊಟ್ಟಿದ್ರು?" ಎಂದು ನಕ್ಕಳು. "ನಮ್ಮತ್ತೆ ಮೆಂತೆ ಗಂಜಿ ಕೊಟ್ಟಿದ್ದೇ ದೊಡ್ಡದು. ಆಗ್ಲಿ, ನಮ್ಮ ಕಾವೇರಿಗಾದ್ರೂ ಆ ಭಾಗ್ಯ ಬರ್ಲಿ."

ಟಾನಿಕ್ ಹಾಕಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಚುಕ್ಕೆ ಇಡುತ್ತಿದ್ದಳು. ಬೆಳಿಗ್ಗೆಗೊಂದು, ಸಂಜೆಗೊಂದು. ನಡುವೆ ಒಮ್ಮೆ ಹೋದಾಗ ಆ ಚುಕ್ಕೆಗಳ ಸಾಲು ನೋಡಿ, ಎಲ್ಲರೂ ಹೀಗಿದ್ದರೆ ಎಷ್ಟು ಚೆನ್ನ ಎಂದುಕೊಂಡೆ.

ಒಂದು ಬೆಳಿಗ್ಗೆ ಅವಳ ಫೋನು ಬಂತು. ಹಿಂದಿನ ಸಂಜೆ ಕಾವೇರಿ ಹೆಣ್ಣು ಕರು ಹಾಕಿತ್ತು, ಕಸ, ಅಂದರೆ ಮಾಸು, ಸರಿಯಾಗಿ ಬಿದ್ದಿತ್ತು, ಬೆಳಿಗ್ಗೆ ನೋಡಿದರೆ ದನ ಏಳುತ್ತಿರಲಿಲ್ಲ. ಡಾಕ್ಟರು ತಾಲೂಕಿನ ಇನ್ನೊಂದು ತುದಿಯಲ್ಲಿದ್ದರು, ಬರುವುದು ಮಧ್ಯಾಹ್ನವಾಗುತ್ತದೆ ಎಂದಿದ್ದರು. ನಾನು ಎರಡು ಬಸ್ಸು ಬದಲಿಸಿ ಹೋದೆ. ಕಾವೇರಿ ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿ ತನ್ನ ಪಕ್ಕೆಗೇ ತಲೆಯಿಟ್ಟು ಮಲಗಿತ್ತು. ಯಾವಾಗಲೂ ಹನಿಗಟ್ಟಿರುವ ಮೂತಿ ಒಣಗಿ ಬಿರಿದಿತ್ತು. ಕಿವಿ ಮುಟ್ಟಿದೆ, ತಣ್ಣಗೆ, ಬೆಳಗಿನ ಜಾವದ ಹಿತ್ತಾಳೆ ಚೊಂಬಿನ ಹಾಗೆ. ಇದಕ್ಕೆ ಹಾಲುಜ್ವರ ಎನ್ನುತ್ತಾರೆ. ಹೆಸರು ಜ್ವರ, ಮೈಯಲ್ಲಿ ಬಿಸಿ ಎಂಬುದೇ ಇರುವುದಿಲ್ಲ. ಕೊರಳಿನ ಕೆಳಗೆ ಹುಲ್ಲಿನ ಮೇಲೆಲ್ಲ ಬೆಳ್ಳಗಿನ ಟಾನಿಕ್ ಚೆಲ್ಲಿತ್ತು.

"ಬಾಯಿಗೆ ಎರೆದೆ ಅಕ್ಕ, ನುಂಗ್ಲಿಲ್ಲ" ಎಂದಳು ನಾಗವೇಣಿ.

ಗೋಣಿಚೀಲ ಹೊದಿಸಿದೆವು. ಒಂದು ಮಗ್ಗುಲಿಗೆ ಬೀಳದಂತೆ ಹುಲ್ಲಿನ ಕಟ್ಟು ಒತ್ತುಕೊಟ್ಟೆವು. ಕರು ಮೊಲೆ ಹುಡುಕಿಕೊಂಡು ಬಂದು ಬಂದು ಗೋಣಿಯನ್ನು ಚೀಪುತ್ತಿತ್ತು. ಡಾಕ್ಟರ ಜೀಪಿನ ಸದ್ದು ಗದ್ದೆಯ ಆಚೆ ಕೇಳುವ ಹೊತ್ತಿಗೆ ಕಾವೇರಿ ಕಾಲು ಚಾಚಿತ್ತು, ಹೊಟ್ಟೆ ಉಬ್ಬಿತ್ತು. ಅವರು ಸೂಜಿಯನ್ನು ಹೊರಗೆ ತೆಗೆಯಲೂ ಇಲ್ಲ.

ವಯಸ್ಸಾದ ಡಾಕ್ಟರು, ನಿಧಾನದವರು. ಖಾಲಿ ಬಾಟಲಿಗಳ ಸಾಲು ನೋಡಿ ಒಂದನ್ನು ಎತ್ತಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ನಾಗವೇಣಿ ನಮ್ಮಿಬ್ಬರ ನಡುವೆ ನಿಂತಿದ್ದಳು. ಅವರು ಹೇಳಿದ್ದರ ಅರ್ಥ ಇದು: ದನ ಕರು ಹಾಕಿದೊಡನೆ ಹಾಲಿಗೆಂದು ರಾಶಿ ಕ್ಯಾಲ್ಸಿಯಂ ಬೇಕಾಗುತ್ತದೆ. ಅದನ್ನು ಮೈ ತನ್ನ ಎಲುಬಿನಿಂದಲೇ ಬಿಡಿಸಿಕೊಳ್ಳಬೇಕು. ಗಬ್ಬದ ಕೊನೆಯ ವಾರಗಳಲ್ಲಿ ಮೇವಿನಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಎಲುಬಿನಿಂದ ಬಿಡಿಸುವ ಕೆಲಸ ಮೊದಲೇ ಶುರುವಾಗಿರುತ್ತದೆ. ಬಾಯಿಂದ ತುಂಬಿಸುತ್ತಲೇ ಇದ್ದರೆ ಆ ಕೆಲಸ ಮಲಗಿಬಿಡುತ್ತದೆ. ಕರು ಹಾಕಿದ ಸಂಜೆ ಒಮ್ಮೆಲೇ ಎದ್ದೇಳು ಎಂದರೆ ಏಳುವುದಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ದನ ಬೀಳುತ್ತದೆ. ಬಸುರಿ ಹೆಂಗಸಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಈ ಟಾನಿಕ್ಕು ಕರು ಹಾಕಿದ ಮೇಲಿನದು, ಬಾಟಲಿಯ ಮೇಲೇ ಬರೆದಿದೆ. "ಇದನ್ನು ಗಬ್ಬದ ದನಕ್ಕೆ ಬರೆದವರು ಯಾರು?" ಎಂದು ಕೊನೆಗೆ ಕೇಳಿದರು, ಅದನ್ನೂ ಇಂಗ್ಲಿಷಿನಲ್ಲೇ. ನಾನು ಕೆಳಗೆ ನೋಡಿದೆ. ಅವರಿಗೆ ಉತ್ತರ ಸಿಕ್ಕಿತು. ಬಾಟಲಿ ಕೆಳಗಿಟ್ಟು ಜೀಪಿನ ಕಡೆ ನಡೆದರು.

"ಎಂತ ಅಂದ್ರು ಡಾಕ್ಟ್ರು?" ಎಂದು ನಾಗವೇಣಿ ಕೇಳಿದಳು.

ಮೊಣಕೈ ತಾಗಿದರೂ ಸಾರಿ ಎನ್ನುವುದನ್ನು ಆರನೆಯ ವರ್ಷಕ್ಕೇ ಕಲಿತವಳು ನಾನು. ಕಾನ್ವೆಂಟಿನ ಸಿಸ್ಟರುಗಳು ಅದನ್ನು ಕಲಿಸದೆ ಬಿಟ್ಟಿರಲಿಲ್ಲ. ನಾನು ಹೇಳಿದ್ದು, "ಕ್ಯಾಲ್ಸಿಯಂ ಕಡಿಮೆಯಾಯ್ತಂತೆ."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನಾಗವೇಣಿ ಓಡಿಹೋಗಿ ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ತಂದಳು. "ಇಲ್ನೋಡಿ. ಎರಡು ದಿನ ಚುಕ್ಕೆ ಇಲ್ಲ. ಅಣ್ಣನ ಮನೆ ಮದುವೆಗೆ ಹೋಗಿದ್ದೆ. ಇವ್ರಿಗೆ ಹಾಕಿ ಅಂದಿದ್ದೆ, ಮರೆತ್ರು. ಅದಕ್ಕೇ ಕಡಿಮೆಯಾಯ್ತು. ನಾನೇ ಕೊಂದೆ ಅಕ್ಕ, ನನ್ನ ಕೈಯಾರೆ ಕೊಂದೆ."

ಆಗ ನಾನು ಬಾಯಿ ತೆರೆಯಬೇಕಿತ್ತು. ಅವಳ ಬೆನ್ನು ನೀವಿದೆ. ನೀವುವುದು ಸುಲಭ.

ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ವರದಿಯಲ್ಲಿ ಬರೆದರು: ಸೂಚಿಸಿದ ಪ್ರಮಾಣದಲ್ಲಿ ಟಾನಿಕ್ ನೀಡದಿರುವುದು, ಮಾಲೀಕರ ಅಜಾಗರೂಕತೆ. "ಆಯಮ್ಮನೇ ಒಪ್ಪಿಕೊಂಡಿದ್ದಾಳಲ್ಲ ಮೇಡಂ, ನಿಮಗೇನು ಕಷ್ಟ?" ಎಂದರು. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಸಹಿ ಮಾಡಿದೆ, ದುಂಡಗಿನ ಅಕ್ಷರದಲ್ಲಿ. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೆ ಅವರು ಬರೆದದ್ದನ್ನು ಕೊಟ್ಟಿಗೆಯಲ್ಲಿ ಮೊದಲು ಹೇಳಿದವಳು ನಾನು.

ಇನ್ನೂ ಕೇಳಿ. ಎರಡು ದಿನ ತಪ್ಪಿಸಿ ದನ ಕಳೆದುಕೊಂಡ ನಾಗವೇಣಿಯ ಕಥೆ ಕೋಲಸಿರ್ಸಿಯಲ್ಲಿ ಮನೆಮನೆಗೆ ಹೋಯಿತು. ಅವಳೇ ಹೇಳಿಕೊಂಡು ತಿರುಗಿದಳು, ಬೇರೆಯವರ ದನ ಉಳಿಯಲಿ ಎಂದು. ಆ ಊರಿನಲ್ಲಿ ಟಾನಿಕ್ ಹೆಚ್ಚು ಹೋಯಿತು. ಸಾಹೇಬರು ಸಭೆಯಲ್ಲಿ ನನ್ನ ಹೆಸರು ಹೇಳಿ ಹೊಗಳಿದರು. ನಾನು ಎದ್ದು ನಿಂತು ಕೈ ಮುಗಿದೆ.

ಒಳಗೊಳಗೆ ಒಂದು ಕೆಲಸ ಮಾಡಿದೆ, ಅದನ್ನೂ ಹೇಳಿಬಿಡುತ್ತೇನೆ. ಗಬ್ಬದ ದನವಿದ್ದ ಮನೆಗಳಿಗೆಲ್ಲ ಹೋಗಿ, ಮೇಲಿನಿಂದ ಹೊಸ ನಿಯಮ ಬಂದಿದೆ, ಕೊನೆಯ ತಿಂಗಳು ಟಾನಿಕ್ ನಿಲ್ಲಿಸಿ, ಕರು ಹಾಕಿದ ಮೇಲೆ ಕೊಡಿ ಎಂದು ಚೀಟಿ ಬದಲಿಸಿದೆ. ಆಮೇಲೆ ನನ್ನ ಚೀಟಿಯಿಂದ ದನ ಸಾಯಲಿಲ್ಲ. ತಪ್ಪು ತಿದ್ದಿದೆನಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಹೊಸ ನಿಯಮ ಏಕೆ ಬಂತು ಎಂದು ಯಾರೂ ಕೇಳಲಿಲ್ಲ. ಹೆಂಗಸರು ನಮ್ಮನ್ನು ಹಾಗೆಲ್ಲ ಕೇಳುವುದಿಲ್ಲ, ನಂಬುತ್ತಾರೆ. ಈ ಕೆಲಸದಲ್ಲಿ ಹೆದರಬೇಕಾದದ್ದು ಒದೆಯುವ ದನಕ್ಕಲ್ಲ, ಆ ನಂಬಿಕೆಗೆ.

ಈಗ ನಿಮ್ಮ ಫೋನು ಗಬ್ಬದ ತಿಂಗಳು ಒತ್ತಿದರೆ ಎಚ್ಚರಿಕೆ ಕೊಡುತ್ತದಂತೆ. ಒಳ್ಳೆಯದಾಯಿತು. ತಪ್ಪಾದ ಮೇಲೆ ಆ ಮನೆಯ ಮೆಟ್ಟಿಲು ಹತ್ತು ಎಂದು ಅದು ಹೇಳುವುದಿಲ್ಲ. ನಾನು ಹತ್ತಿದ್ದು ನಿವೃತ್ತಿಯಾದ ಮೇಲೆ, ಕಾವೇರಿ ಸತ್ತು ಹತ್ತು ವರ್ಷ ಕಳೆದ ಮೇಲೆ, ಆ ಹುಡುಗಿಯರು ಬಂದು ಹೋದ ಮರುವಾರ.

ನಾಗವೇಣಿ ಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. "ಓಹೋ, ವಸುಧಕ್ಕ! ಟೇಪು ಎಲ್ಲಿ? ಈಗ ಅಳೆಯಕ್ಕೆ ನಾನೊಬ್ಳೇ ಇರೂದು, ದನ ಎಲ್ಲ ಕೊಟ್ಟಾಯ್ತು" ಎಂದು ನಗುತ್ತ ಚಾಪೆ ಹಾಸಿದಳು. ನೀರು, ಬೆಲ್ಲ ತಂದಿಟ್ಟಳು. ಬೆಲ್ಲ ಮುಟ್ಟುವ ಮುಂಚೆ ಹೇಳಿಬಿಡಬೇಕು ಎಂದುಕೊಂಡಿದ್ದೆ. ಹೇಳಿದೆ. ಎರಡು ದಿನ ತಪ್ಪಿಸಿದ್ದಕ್ಕಲ್ಲ, ಉಳಿದ ದಿನವೆಲ್ಲ ಕೊಟ್ಟಿದ್ದಕ್ಕೆ ಕಾವೇರಿ ಸತ್ತಿತು, ಕೊಡು ಎಂದು ಬರೆದವಳು ನಾನು, ವರದಿಗೆ ಸಹಿ ಮಾಡಿದವಳೂ ನಾನು ಎಂದೆ.

ಅವಳ ಕೈ ನಿಂತಿತು. "ಡಾಕ್ಟ್ರು ಅವತ್ತು ಇಂಗ್ಲೀಷಲ್ಲಿ ಹೇಳಿದ್ದು ಅದೇನಾ?" ಎಂದಳು.

"ಹೌದು."

"ಅವ್ರು ಅಷ್ಟುದ್ದ ಹೇಳಿದ್ರು. ನೀವು ಎರಡೇ ಮಾತು ಹೇಳಿದ್ರಿ. ಇಂಗ್ಲೀಷೇ ಹಾಗೆ ಉದ್ದ ಇರ್ತದೆ ಅಂದ್ಕಂಡೆ."

ನಾನು ಕ್ಷಮಿಸು ಎಂದೆ. ಆ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ.

"ಆಮೇಲೆ ನಾನು ಯಾರ ಮನೆ ದನದ ಮೈಯೂ ಮುಟ್ಲಿಲ್ಲ ಅಕ್ಕ" ಎಂದಳು. "ಕರೀತಿದ್ರು, ಹೋಗ್ತಿರ್ಲಿಲ್ಲ. ಕೈಗುಣ ಹೋಯ್ತು ಅನ್ನಿಸ್ತು. ಮರುವರ್ಷ ಮಗಳು ಇಲ್ಲೇ ಹೆತ್ಲು. ಮಗೂಗೆ ನೀರು ಹಾಕು ಅಮ್ಮ ಅಂತ ಅತ್ಲು. ಊರ ಮಕ್ಕಳಿಗೆಲ್ಲ ಹಾಕಿದೀಯ, ನನ್ನ ಮಗೂಗೆ ಯಾಕಿಲ್ಲ ಅಂತ. ಈ ಕೈಯಲ್ಲಿ ಹ್ಯಾಗೆ ಮುಟ್ಟೂದು? ಬೇರೆಯವ್ರನ್ನ ಕರೆಸ್ದೆ. ನಾನು ಬಚ್ಚಲ ಬಾಗ್ಲಲ್ಲಿ ನಿಂತ್ಕಂಡು ನೋಡ್ದೆ. ಎಷ್ಟು ಅಳ್ತಿತ್ತು ಗೊತ್ತನ, ಅವ್ರ ಕಾಲ ಮೇಲೆ."

ಆ ಹೊತ್ತಿಗೆ ಅಂಗಳದಿಂದ ಹುಡುಗಿಯೊಬ್ಬಳು ಓಡಿಬಂದಳು. ಅಜ್ಜಿಯ ಮನೆಯಲ್ಲಿದ್ದುಕೊಂಡೇ ಶಾಲೆಗೆ ಹೋಗುವ ಅದೇ ಮೊಮ್ಮಗಳು. ಮೊಣಕಾಲವರೆಗೆ ಕೆಸರು. "ಅಮ್ಮಮ್ಮ, ನೀರು ಕಾದಿದ್ಯಾ?"

"ಕಾದಿದೆ. ತಲೆಗೆ ಎಣ್ಣೆ ಹಚ್ಕೊಡ್ಲ?" ಎಂದು ನಾಗವೇಣಿ ಅರ್ಧ ಎದ್ದಳು.

"ಬೇಡ, ನಾನೇ ಹಚ್ಕೊಳ್ತೆ" ಎಂದು ಹುಡುಗಿ ಹಗ್ಗದಿಂದ ಟವೆಲು ಎಳೆದುಕೊಂಡು ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ನಾಗವೇಣಿ ಕುಳಿತಳು. ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು. ಒಳಗೆ ಚೊಂಬಿನಿಂದ ನೀರು ಸುರಿದುಕೊಳ್ಳುವ ಸದ್ದು.